ನಾಲ್ಕುನೂರ ನಲವತ್ತು ಓಮ್

ನನ್ನ ಅಕ್ಕನ ಮಗ ಚಂದ್ರಣ್ಣನಿಗೆ ಒಂದು ರೋಗವಿತ್ತು. ಎದುರಿಗೆ ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರಲು ಅವನಿಂದ ಆಗುತ್ತಿರಲಿಲ್ಲ. ಅನಂತಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಮೇಲೆ ಅದು ಇನ್ನೂ ಉಲ್ಬಣಿಸಿತು. ಪತ್ತಿಕೊಂಡಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಗ್ರಹಣದ ಬಗ್ಗೆ ಏನೋ ಅಂದರು, ಇವನು ತಿದ್ದಿದ. ಉಪ್ಪಿಟ್ಟು ಬರುವ ಮುಂಚೆಯೇ ನಾವು ಎದ್ದು ಬಂದೆವು.

ಈ ಸಲ ಹಾಗಾಗುವಂತಿರಲಿಲ್ಲ. ಆದವಾನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರ ಮಗಳು ಹೂವಮ್ಮ ಬಳ್ಳಾರಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ನಮ್ಮ ನೆಂಟರ ಮನೆಯಲ್ಲಿ ಇವನ ಕಣ್ಣಿಗೆ ಬಿದ್ದಿದ್ದಳು. "ಆದ್ರ ಆಕೀನ ಮಾವ, ಇಲ್ಲಾಂದ್ರ ಮದುವೀನ ಬ್ಯಾಡ" ಎಂದು ಕೂತಿದ್ದ.

ತೊಂದರೆ ಎಂದರೆ ಕೊಟ್ರಬಸಪ್ಪನವರ ತಾಯಿ ಗುರುಲಿಂಗಮ್ಮ. ಆ ಮನೆಯಲ್ಲಿ ಅವರ ಮಾತೇ ಕೊನೆ. ಕಾಲೇಜು ಓದಿದ ಹುಡುಗರು ಲಿಂಗಪೂಜೆ ಬಿಡುತ್ತಾರೆಂದು ಇಬ್ಬರು ವರಗಳನ್ನು ಬಂದ ದಾರಿಗೆ ಕಳಿಸಿದ್ದರು. ನಮ್ಮವನು ಬಿಟ್ಟು ಬಹಳ ದಿನವಾಗಿತ್ತು. "ತಿನ್ನಾಕ ಅಷ್ಟ ಬಾಯಿ ತಗಿ" ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಜರ್ಮನಿಯ ಮೇಲೆ ಯುದ್ಧ ಶುರುವಾಗಿದ್ದ ವರ್ಷ ಅದು. ಕೊಟ್ರಬಸಪ್ಪನವರು ತಮ್ಮ ಹತ್ತಿ ಬಿಡಿಸುವ ಜಿನ್ನಿನ ಎಂಜಿನ್ನಿಗೆ ಡೈನಮೋ ಕಟ್ಟಿಸಿ ಮನೆಗೆ ಕರೆಂಟು ಎಳೆಸಿದ್ದರು. ಬೇರೆಯವರು ದೇವರ ಪಟ ತೂಗುಹಾಕುವ ಗೋಡೆಗೆ ಇವರು ಎರಡು ಮೀಟರು ಹಾಕಿಸಿದ್ದರು. ಅವುಗಳ ಮುಳ್ಳು ಏನು ತೋರಿಸುತ್ತದೆಂದು ಅವರಿಗಂತೂ ಗೊತ್ತಿರಲಿಲ್ಲ. ದೀಪ ಎಲ್ಲರಿಗೂ ಕಾಣಲೆಂದು ಹೆಣ್ಣು ತೋರಿಸುವುದನ್ನೂ ಸಂಜೆಗೆ ಇಟ್ಟಿದ್ದರು.

ಎಲ್ಲರೂ ಕೂತ ಮೇಲೆ ಅವರೇ ಎದ್ದು ಗುಂಡಿ ಒತ್ತಿದರು. ಪಡಸಾಲೆಯ ನಡುವೆ ಒಂದು ಬಲ್ಬು ಕೆಂಪಗೆ ಕಣ್ಣು ಬಿಟ್ಟಿತು. ಅದರ ಬೆಳಕು ಅದರ ಬುಡಕ್ಕೇ ಸಾಲುತ್ತಿರಲಿಲ್ಲ.

"ನೂರು ವ್ಯಾಟಿಂದ್ರಿ. ಮದ್ರಾಸಿಂದ ತರಿಸೀನಿ," ಅಂದರು ಕೊಟ್ರಬಸಪ್ಪ.

ನಾನು ಚಂದ್ರಣ್ಣನ ಮೊಣಕಾಲು ಒತ್ತಿದೆ. ಅವನು ಆಗಲೇ ಮೀಟರು ನೋಡುತ್ತ ಲೆಕ್ಕ ಶುರುಮಾಡಿದ್ದ. "ನೂರಾ ಹತ್ತು ವೋಲ್ಟು. ಕಾಲು ಆಂಪಿಯರು. ಗುಣಿಸಿದ್ರ ಇಪ್ಪತ್ತೇಳೂವರಿ ವ್ಯಾಟು. ಭಾಗಿಸಿದ್ರ ನಾಲ್ಕನೂರಾ ನಲವತ್ತು ಓಮ್." ಆಮೇಲೆ ಇನ್ನೂ ಗಟ್ಟಿಯಾಗಿ ಹೇಳಿದ: "ಇದು ಇನ್ನೂರಾ ಇಪ್ಪತ್ತು ವೋಲ್ಟಿನ ಬಲ್ಬ್ ರೀ. ನಿಮ್ಮ ಡೈನಮೋ ಕೊಡೋದು ಅದರ ಅರ್ಧ. ಹಂಗಾಗಿ ನೂರರ ಕಾಲು ಭಾಗದಷ್ಟ ಉರೀತೈತಿ."

ನೂರು ಅಂದದ್ದು ಇಪ್ಪತ್ತೇಳೂವರೆ ಇದೆ ಎಂದರೆ ಹತ್ತಿ ವ್ಯಾಪಾರಿಗೆ ತೂಕದಲ್ಲಿ ಮೋಸ ಮಾಡಿದಿರಿ ಎಂದ ಹಾಗೆ. ಸಿಟ್ಟು ಬಂದರೆ ಕೊಟ್ರಬಸಪ್ಪನವರಿಗೆ ತೆಲುಗು ಬರುತ್ತಿತ್ತು.

"ಏಮಯ್ಯಾ! ನನ್ನ ಮನ್ಯಾಗ ಕುಂತು ನನ್ನ ಸರಕ ತೂಕ ಕಡಿಮಿ ಅಂತೀಯೇನು?"

ಇದೂ ಮುಗಿಯಿತು ಅಂದುಕೊಂಡು ನಾನು ರುಮಾಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಬಾಗಿಲ ಬಳಿ ಕೂತಿದ್ದ ಗುರುಲಿಂಗಮ್ಮ ಕೈಸನ್ನೆಯಲ್ಲೇ ಮಗನ ಬಾಯಿ ಮುಚ್ಚಿಸಿದರು.

"ದೀಪ ಹತ್ತಿದ ಕೂಡ್ಲೆ ಹುಡುಗ ಓಂ ಅಂದ. ಎಷ್ಟಂದಿಯಪ್ಪಾ?"

"ನಾಲ್ಕನೂರಾ ನಲವತ್ ರೀ, ಅವ್ವಾರ."

"ಕೇಳಿದೇನು ಕೊಟ್ರಪ್ಪಾ? ನೀ ನೂರಾ ಎಂಟು ಮುಗಿಸೋದ್ರಾಗ ಮೂರು ಸಲ ಆಕಳಸ್ತಿ."

ಸಂಜೆ ದೀಪ ಹತ್ತಿದಾಗ ಕೈ ಮುಗಿಯುವುದು ನಮ್ಮಲ್ಲಿ ರೂಢಿ. ಈ ಹುಡುಗ ಅಷ್ಟಕ್ಕೇ ನಿಲ್ಲದೆ ಜಪವನ್ನೇ ಮಾಡಿದನೆಂದು ಮುದುಕಿ ನಂಬಿದ್ದರು. ಬಲ್ಬಿನ ತಂತಿ ಕರೆಂಟಿಗೆ ಒಡ್ಡುವ ತಡೆಯನ್ನು ಓಮ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ, ಅದು ಜರ್ಮನಿಯ ಒಬ್ಬ ಪಂಡಿತನ ಹೆಸರು ಎಂದು ಅವರಿಗೆ ಹೇಳುವವರು ಯಾರು? ನಾನಂತೂ ಅಲ್ಲ.

"ಹಂಗಾದ್ರ ಮನೀ ಹತ್ತೂ ದೀಪ ಹಚ್ಚಿದ್ರ ನಾಲ್ಕ ಸಾವಿರದ ನಾಲ್ಕನೂರು ಆಗ್ತೈತೇನು?" ಅಂದರು ಗುರುಲಿಂಗಮ್ಮ.

ತಪ್ಪು ಲೆಕ್ಕ. ಚಂದ್ರಣ್ಣನ ಮುಖ ನೋಡಿಯೇ ನಾನು ಮತ್ತೆ ಅವನ ಮೊಣಕಾಲು ಒತ್ತಿದೆ.

"ಇಲ್ರಿ ಅವ್ವಾರ. ಹತ್ತೂ ಕೂಡಿ ಉರಿದ್ರ ಹೆಚ್ಚಾಗಂಗಿಲ್ಲ, ಹತ್ತು ದಾರಿ ಆಗಿ ಕಡಿಮಿ ಆಗ್ತೈತಿ. ಹತ್ತರಾಗ ಒಂದು ಪಾಲು. ಬರೇ ನಲವತ್ನಾಲ್ಕು."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಖರೇ ಮಾತು. ಹತ್ತು ಮಂದಿ ಕೂಡಿದ್ರ ಒಬ್ಬರ ಮ್ಯಾಲ ಭಾರ ಬೀಳಂಗಿಲ್ಲ. ಇಂಥಾ ತಿಳಿವಳ್ಕಿ ಯಾವ ಮಠದಾಗ ಕಲ್ತೆಪ್ಪಾ?"

ಚಂದ್ರಣ್ಣ ಬಾಯಿ ತೆರೆದ. ಮಠವಲ್ಲ, ಕಾಲೇಜು, ಓಂ ಅಲ್ಲ, ಓಮ್, ಎಲ್ಲವೂ ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು.

ತಟ್ಟೆ ಹಿಡಿದು ನಿಂತಿದ್ದ ಹೂವಮ್ಮ ಬಗ್ಗಿ ಅವನ ಮುಂದೆ ಶೇಂಗಾ ಉಂಡಿ ಹಿಡಿದಳು. ಅವನಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ಆ ಜರ್ಮನಿಯವನ ಸುದ್ದಿ ಲಗ್ನದ ಅಕ್ಕಿಕಾಳು ಬಿದ್ದ ಮ್ಯಾಲ ಹೇಳ್ರಿ. ಈಗ ತಿನ್ರಿ."

ಚಂದ್ರಣ್ಣ ಅವಳನ್ನೇ ನೋಡಿದ. ಒಂದು ತಪ್ಪನ್ನು ಹಾಗೆಯೇ ಬಿಟ್ಟು, ಉಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.