ಮೊರದ ತುಂಬ ತೌಡು

ಅಪ್ಪ ಹುರಿದ ಕಡಲೆಕಾಯಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಉಫ್ ಎಂದು ಊದಿದ, ಕೆಂಪು ಹೊಟ್ಟು ಹಾರಿ ನನ್ನ ಸೀರೆಯ ನೆರಿಗೆಯ ಮೇಲೆ ಕೂತಿತು, ಕೊಡವಿದರೂ ಹೋಗಲಿಲ್ಲ, ತೌಡಿನ ಹಾಗೆ — ಥೂ, ಬೆಳಿಗ್ಗೆಯಿಂದ ಕಂಡದ್ದೆಲ್ಲ ತೌಡೇ, ಬಸ್ಸಿನ ಕಿಟಕಿಯ ದೂಳೂ ತೌಡು, ಈ ನೋಟರಿ ಆಫೀಸಿನ ಬೆಂಚಿನ ಸಂದಿಯ ಕಸವೂ ತೌಡು — ತಿನ್ನವ್ವ, ಮಡಿಕೇರಿ ಚಳಿಗೆ ಚೆಂದಾಗಿರ್ತದೆ, ಅನ್ನುತ್ತ ಅಪ್ಪ ನಾಲ್ಕು ಬೀಜ ನನ್ನ ಕೈಗೆ ಹಾಕುತ್ತಾನೆ, ಅವನ ಹೆಬ್ಬೆರಳಿನ ಉಗುರು ಅಗಲ, ಚಪ್ಪಟೆ, ನನ್ನದೂ ಹಾಗೆಯೇ, ಅಜ್ಜಿಯದು ಹಾಗಲ್ಲ, ಇಪ್ಪತ್ತೊಂಬತ್ತು ವರ್ಷ ಆ ಕೈತುತ್ತು ಉಂಡಿದ್ದೇನೆ, ಉಗುರು ನೋಡಿರಲಿಲ್ಲವಲ್ಲ ನಾನು, ನೋಡಿದ್ದರೂ ಏನು ಹೊಳೆಯುತ್ತಿತ್ತು, ಮಣ್ಣಂಗಟ್ಟಿ. ಎದುರಿಗೆ ಶೋಭಿತಾ ಎಂಬ ಟೈಪು ಮಾಡುವ ಹುಡುಗಿ ಟಕಟಕ ಎನ್ನಿಸುತ್ತಿದ್ದಾಳೆ, ಎರಡು ಅಫಿಡವಿಟ್, ನನ್ನದೊಂದು, ಅಪ್ಪನದೊಂದು, ತಿಪ್ಪೆ ಎಂಬ ಮನೆತನದ ಹೆಸರನ್ನು ಇಂದಿನಿಂದ ಕೈಬಿಟ್ಟಿರುತ್ತೇನೆ ಎಂದು, ನೋಟರಿ ನವೀನ್‌ಕುಮಾರ್ ಒಳಗಿನ ಕೋಣೆಯಲ್ಲಿ ಫೋನಿನಲ್ಲಿದ್ದಾರೆ, ಅವರು ಬಂದರೆ ಎರಡು ಸಹಿ, ಎರಡು ಸೀಲು, ಮುಗಿಯಿತು. ನಿಂದು ತೆಗೆಸ್ತೀಯ, ನಂದೂ ತೆಗ್ಸಿಬಿಡು, ಐವತ್ತೆಂಟು ವರ್ಷ ಸಾಕಾಯ್ತು, ಎಂದು ಹೋದ ವಾರ ಅಪ್ಪನೇ ಹೇಳಿದ್ದು, ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಇವನಿಗೂ ನಾಚಿಕೆ ಇತ್ತೇ, ಸೊಸೈಟಿಯಲ್ಲಿ ಯೂರಿಯಾಗೆ ಸಾಲು ನಿಂತಾಗ ತಿಪ್ಪೆಗ್ಯಾಕಪ್ಪಾ ಗೊಬ್ರ ಅಂತ ಜನ ನಕ್ಕರೆ ತಾನೂ ನಗುತ್ತಿದ್ದವನಿಗೆ.

ಈ ಕೊಡಗಿನಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು ನಿಮ್ಮದು ಯಾವ ಮನೆ, ಎಲ್ಲರಿಗೂ ಒಂದೊಂದು ಮನೆತನದ ಹೆಸರು, ಹೇಳುವಾಗ ಎದೆ ಒಂದಿಂಚು ಉಬ್ಬುವಂಥದ್ದು, ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ನಮಗೆ ಅದೆಲ್ಲ ಎಲ್ಲಿಂದ ಬರಬೇಕು, ಸುಮ್ಮನೆ ಇಲ್ಲ ಅಂದುಬಿಡಬಹುದಿತ್ತು ಅಜ್ಜಿ, ಅಪ್ಪನನ್ನು ಶಾಲೆಗೆ ಸೇರಿಸುವ ದಿನ ಬೆಳ್ಯಪ್ಪ ಮಾಸ್ಟರು ಯಾವ ಮನೆ ಸಿದ್ದಮ್ಮ ನಿಮ್ದು ಎಂದು ಕೇಳಿದರೆ, ತಿಪ್ಪೆ ಅಂತ ಬರ್ಕಳಿ ಸ್ವಾಮಿ, ಅಂದಳಂತೆ, ಅವರು ಬೇಡಮ್ಮ, ಮಕ್ಳು ಆಡ್ಕೋತವೆ, ಅಂದರೂ ಬರ್ಕಳಿ ಅಂತ ಹಟ ಹಿಡಿದಳಂತೆ. ಬರೆದರು. ತಿಪ್ಪೆ ಸಣ್ಣಸ್ವಾಮಿ, ಆಮೇಲೆ ತಿಪ್ಪೆ ಕಾವ್ಯಶ್ರೀ, ಹಾಜರಿಯಲ್ಲಿ ತಿಪ್ಪೆ, ಆಧಾರಿನಲ್ಲಿ ತಿಪ್ಪೆ, ಪದವಿ ಕೊಡುವ ಸಭೆಯ ಮೈಕಿನಲ್ಲಿ ತಿಪ್ಪೆ, ಸಭೆ ಗೊಳ್ಳೆಂದಿತು, ಈಗ ಗೋಣಿಕೊಪ್ಪಲಿನ ಕಾಲೇಜಿನಲ್ಲಿ ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನ ಮಹಾರಾಜರು ಮೂಗು ಮುಚ್ಚಿಕೊಳ್ಳುತ್ತಾರೆ. ಕೇಳಿದವರಿಗೆಲ್ಲ ಕಥೆ ಹೇಳಿ ಮಾನ ಉಳಿಸಿಕೊಂಡೆ, ನೋಡಿ, ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು, ಬೇರೆ ಹೆಂಗಸೊಬ್ಬಳು ಎತ್ತಿಕೊಳ್ಳುತ್ತಿದ್ದಳು, ಹೆತ್ತವಳು ಅವಳಿಗೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಿದ್ದಳು, ಕಸದಲ್ಲಿ ಸಿಕ್ಕಿದ್ದು, ತೌಡಿಗೆ ಬಂದದ್ದು, ಇದರ ಗೊಡವೆ ನನಗೇಕೆ ಅಂತ ಸಾವು ದಾಟಿಕೊಂಡು ಹೋಗಲಿ ಎಂದು, ನಮ್ಮ ಅಪ್ಪ ಹಾಗೆ ಉಳಿದವರು. ಅಜ್ಜಿಯೇ ಹೇಳಿಕೊಟ್ಟ ಕಥೆ. ತೌಡು ಕೊಟ್ಟವಳು ಅಜ್ಜಿ ಅಂದುಕೊಂಡಿದ್ದೆ, ಅಂದುಕೊಳ್ಳದೆ ಇನ್ನೇನು ಮಾಡಲಿ, ಯಾರಾದರೂ ಬೇರೆ ಏನಾದರೂ ಅಂದುಕೊಳ್ಳುತ್ತಾರೆಯೇ.

ಬೆಳಿಗ್ಗೆ ಅಪ್ಪ ಮುಂದಾಗಿ ಬಸ್‌ಸ್ಟಾಪಿಗೆ ಹೋಗಿದ್ದ, ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಸೆರಗು ಹಿಡಿದಳು, ಹಸುವಿಗೆ ಕಲಸುತ್ತಿದ್ದ ಒದ್ದೆ ತೌಡಿನ ಕೈ, ಇಸ್ತ್ರಿ ಮಾಡಿದ ಸೀರೆ ಅಜ್ಜಿ, ಬಿಡು — ಅವ್ನ ಹೆಸ್ರು ತಗೀಬೇಡ ಕೂಸೆ — ಯಾಕೆ, ನೀನಿಟ್ಟ ಹೆಸರಿನಿಂದ ನಾವು ಪಟ್ಟದ್ದು ಸಾಲದೇ — ನಾನಿಟ್ಟಿದ್ದಲ್ಲ, ಲಿಂಗಿ ಇಟ್ಟಿದ್ದು — ಯಾವ ಲಿಂಗಿ — ಅವ್ನ ಹೆತ್ತೋಳು. ಹೀಗೇ, ಹಾಲು ಒಡೀತು ಅನ್ನುವ ಹಾಗೆ ಹೇಳಿದಳು. ಹಾಸನದ ಕಡೆಯ ಊರಿನಲ್ಲಿ ಪಕ್ಕದ ಮನೆಯ ಲಿಂಗಿ, ಮೂರು ಕೂಸು ಮಣ್ಣಿಗೆ ಕೊಟ್ಟವಳು, ನಾಲ್ಕನೆಯದಕ್ಕೆ ತಿಪ್ಪೆ ಎಂದೇ ಹೆಸರಿಟ್ಟು ತಿಪ್ಪೆಯ ಮೇಲೆ ಮಲಗಿಸಿದಳು, ಎತ್ತಿಕೊಳ್ಳಲು ಮಕ್ಕಳೊಂದಿಗಳು, ಮಕ್ಕಳಿರುವ ಹೆಂಗಸೇ, ಬರಬೇಕಿತ್ತು, ಅವಳಿಗೆ ಜ್ವರ, ಹೊತ್ತು ಮೀರುತ್ತದೆ ಎಂದು ಪಕ್ಕದಲ್ಲೇ ಇದ್ದ ಸಿದ್ದಮ್ಮನನ್ನು, ಇದೇ ಅಜ್ಜಿಯನ್ನು, ಕರೆದಳು, ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬದ ಸಿದ್ದಮ್ಮನನ್ನು. ಹೆತ್ತವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೊರಕ್ಕೆ ತೌಡು ತುಂಬಿ ಹಿಡಿದು ನಿಲ್ಲಬೇಕು, ಇಣುಕಬಾರದು, ತಿಪ್ಪೆ ಕೂಸು ಸಿಕ್ತು, ತಕಳ್ರವ್ವಾ, ಎಂದು ಹೊರಗಿನಿಂದ ಕೂಗು ಬರುವವರೆಗೆ ಬಾಗಿಲು ತೆರೆಯಬಾರದು — ಎತ್ಕಂಡೆ ಕೂಸೆ, ಬೆಚ್ಚಗಿತ್ತು, ನನ್ನ ಎದೆಗೆ ಬಾಯಿ ಹಾಕ್ತು, ಕೂಗನಾ ಅಂದ್ರೆ ದನಿ ಹೊರಡ್ಲಿಲ್ಲ, ಕಾಲು ಹೊಂಟೋಯ್ತು — ರಸ್ತೆಗೆ ಬಂದಳಂತೆ, ಬಸ್ಸು ಬಂತಂತೆ, ಹತ್ತಿದಳಂತೆ, ತಾತ ಆಗಲೇ ಸುಂಟಿಕೊಪ್ಪದ ಕಡೆ ಎಸ್ಟೇಟಿನಲ್ಲಿ ಕಾಫಿ ಪಿಕಿಂಗಿಗೆ ಬಂದು ಕೂಲಿಗಳ ಲೈನ್‌ಮನೆಯಲ್ಲಿದ್ದನಂತೆ, ಪಕ್ಕದ ಲೈನಿನ ಬಾಣಂತಿ ಮುತ್ತಿ ಹಾಲು ಕುಡಿಸಿದಳಂತೆ — ನಿಮ್ಮ ತಾತ ಯಾರ್ದು ಅಂತ ಒಂದ್ಸಲ ಕೇಳ್ದ, ನಮ್ದು ಅಂದೆ, ಸಾಯೋಗಂಟ ಇನ್ನೊಂದ್ಸಲ ಕೇಳ್ಲಿಲ್ಲ. ಮತ್ತೆ ಆ ಹೆಸರು ಯಾಕೆ ಇಟ್ಟುಕೊಂಡೆ ಅಜ್ಜಿ — ಕೂಸ್ನ ಕದ್ದೆ, ಹೆಸ್ರುನ್ನೂ ಕದೀಲಾ, ಅವ್ಳು ಹುಡುಕ್ಕಂಡು ಬಂದ್ರೆ ಒಂದು ಗುರ್ತು ಇರ್ಲಿ ಅಂತ ಬರೆಸ್ದೆ, ಬರದೇ ಇರ್ಲಿ ಅಂತ್ಲೂ ದಿನಾ ದೇವ್ರಿಗೆ ಕೈ ಮುಗ್ದೆ. ಬಂದಳಾ? ಇಲ್ಲ. ನೀ ಹೋಗು, ಬಸ್ಸು ತಪ್ತದೆ, ಅವ್ನಿಗೆ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು.

ನಿಂಗೆ ಬಿಟ್ಟಿದ್ದು ಅಂತೆ! ಐವತ್ತೆಂಟು ವರ್ಷ ಮಡಿಲಲ್ಲಿ ಕಟ್ಟಿಟ್ಟುಕೊಂಡದ್ದನ್ನು ಬಸ್ಸಿಗೆ ಹತ್ತು ನಿಮಿಷ ಇರುವಾಗ ನನ್ನ ತಲೆಗೆ ಕಟ್ಟಿ ತಾನು ಹಸುವಿಗೆ ತೌಡು ಕಲಸಲು ಹೋದಳು, ಎಂಥ ಹೆಂಗಸಪ್ಪ ಇವಳು, ನನಗೆ ಜಡೆ ಹಾಕಿದವಳು, ಜ್ವರ ಬಂದರೆ ಕಾಲ ಬುಡದಲ್ಲಿ ಕೂತೇ ಬೆಳಗು ಮಾಡಿದವಳು, ಕಳ್ಳಿ, ಮಕ್ಕಳ ಕಳ್ಳಿ, ಅಯ್ಯೋ ಅನ್ನಬಾರದು, ಅಂದೆ. ಬಸ್ಸಿನುದ್ದಕ್ಕೂ ಅಪ್ಪ ಶುಂಠಿ ಬೆಳೆಯ ಮಾತು ಆಡಿದ, ನಾನು ಹೂಂ ಹೂಂ ಅಂದೆ. ಸಹಿ ಹಾಕಿದನೋ, ಲಿಂಗಿಗೆ ಇದ್ದ ಒಂದೇ ಒಂದು ಗುರುತು ಹೋಯಿತು, ಬದುಕಿದ್ದರೆ ಅವಳಿಗೂ ಎಂಬತ್ತರ ಮೇಲೆ, ಬದುಕಿದ್ದಾಳೋ ಇಲ್ಲವೋ, ಬೇಡ ಅಪ್ಪ ಅಂದೆನೋ, ಯಾಕವ್ವ ಅನ್ನುತ್ತಾನೆ, ಯಾಕೆ ಎಂದು ಹೇಳಿದರೆ ಸಂಜೆ ಮನೆಗೆ ಹೋಗಿ ಅವಳು ತಟ್ಟಿದ ರೊಟ್ಟಿಯನ್ನು ಯಾವ ಬಾಯಲ್ಲಿ ತಿಂದಾನು, ಅವ್ವ ಎಂದು ಯಾರನ್ನು ಕರೆದಾನು. ಕೂಗು ಬರಲೇ ಇಲ್ಲವಲ್ಲ ಆ ಹೆಂಗಸಿಗೆ, ಎಷ್ಟು ಹೊತ್ತು ನಿಂತಳು ಬಾಗಿಲ ಹಿಂದೆ, ಕೈ ಸೋತಿತೇ, ತೌಡು ಚೆಲ್ಲಬಾರದು ಅಂತ ಎಚ್ಚರವಾಗಿ ಹಿಡಿದಿದ್ದಳೇ, ಹೊರಗೆ ಸದ್ದಿಲ್ಲ, ಇನ್ನೊಂದು ಗಳಿಗೆ ನೋಡೋಣ, ತೆರೆದರೆ ಕೂಸಿಗೆ ಕೇಡು, ಇನ್ನೊಂದು ಗಳಿಗೆ — ತಿಪ್ಪೆ ಸಣ್ಣಸ್ವಾಮಿ ಯಾರ್ರೀ, ಬನ್ನಿ! ಶೋಭಿತಾ ಕೂಗಿದಳು, ಜೋರಾಗಿ, ಬೆಂಚಿನವರೆಲ್ಲ ತಿರುಗಿ ನಕ್ಕರು, ಅಪ್ಪನೂ ನಕ್ಕ, ಕೊನೇ ಸಲ ಕೂಗ್ಸ್ಕೊಳ್ಳೋದು ಬಿಡವ್ವ, ಎಂದು ಎದ್ದ, ಅಂಗೈಯ ಹೊಟ್ಟು ಊದಿದ, ಪೆನ್ನು ಹಿಡಿದ, ನವೀನ್‌ಕುಮಾರ್ ಹೊರಗೆ ಬಂದು ಇಲ್ಲಿ ಹಾಕಿ ಅಂತ ಬೆರಳಿಟ್ಟು ತೋರಿಸುತ್ತಿದ್ದಾರೆ, ಆ ಜಾಗದ ಮೇಲೆ ಒಂದು ಕೈ ಬಿದ್ದಿದೆ, ನನ್ನದೇ, ಯಾವಾಗ ಎದ್ದೆ ನಾನು, ಕೈ ತೆಗಿ ಕಾವ್ಯ, ಏನಾಯ್ತವ್ವ, ಅನ್ನುತ್ತಿದ್ದಾನೆ ಅಪ್ಪ, ಅವನ ಅಗಲ ಉಗುರು ನನ್ನ ಅಗಲ ಉಗುರಿನ ಪಕ್ಕದಲ್ಲಿ, ಹೇಳಬೇಕು, ಬಾಯಿ ತೆರೆದಿದೆ, ದನಿ ಹೊರಡುತ್ತಿಲ್ಲ, ಹಾಕಿದ ಬಾಗಿಲು, ಬಾಗಿಲಿಗೆ ಕಿವಿ ಕೊಟ್ಟ ಹೆಂಗಸು, ಕೇಳಿಸಿತು ಅವಳಿಗೆ, ತಿಪ್ಪೆ ಎಂಬ ಕೂಗು ಈಗ ಕೇಳಿಸಿತು, ಎರಡು ಕೈಯಲ್ಲಿ ಮೊರ, ಮೊರದ ತುಂಬ ತೌಡು, ಮೊರದ ತುಂಬ