ಮೂರು ಮರದ ತುಂಡು, ಒಂದು ಕ್ಯಾಮೆರಾ

ನನ್ನ ಗಂಡ ಬಡಗಿ. ಕೈ ಒಳ್ಳೆಯದು ಎಂದು ಊರೆಲ್ಲ ಹೊಗಳುತ್ತದೆ, ಹೊಗಳಲಿ. ಊರಿನವರು ಇವರು ಮಾಡಿದ ಕುರ್ಚಿಯ ಮೇಲೆ ಕೂರುತ್ತಾರೆ ಅಷ್ಟೇ. ಇವರ ಜೊತೆ ಸಂಸಾರ ಮಾಡುತ್ತಿರುವವಳು ನಾನು. ಸೌಟು ನೇತುಹಾಕಲು ಅಡುಗೆಮನೆಯಲ್ಲಿ ಒಂದು ಮೊಳೆ ಹೊಡೆದುಕೊಡಿ ಎಂದಿದ್ದಕ್ಕೆ, ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, ಕೈ ಎತ್ತಿಸಿ, ಇಳಿಸಿ, ಚಪ್ಪಲಿ ಹಾಕಿಸಿ ಒಮ್ಮೆ, ಬಿಚ್ಚಿಸಿ ಒಮ್ಮೆ ಅಳತೆ ತೆಗೆದು, ಎಂಟನೆಯ ದಿನ ಮೊಳೆ ಹೊಡೆದರು. ಬೀದಿಯವರು ಇವರಿಗೆ ಅಳತೆಪ್ಪ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಗುಣವನ್ನೂ ಹೇಳಿಬಿಡುತ್ತೇನೆ. ಕಾಗದದ ಮೇಲೆ ಇವರು ಒಂದಕ್ಷರ ಬರೆಯುವವರಲ್ಲ. ಕಿವಿಯ ಸಂದಿಯಲ್ಲಿ ಸದಾ ಒಂದು ಚಪ್ಪಟೆ ಪೆನ್ಸಿಲು. ಗಿರಾಕಿಯ ಫೋನ್ ನಂಬರಾಗಲಿ, ಬರುವಾಗ ಹಾಲು ತರಬೇಕೆಂಬುದಾಗಲಿ, ಕೈಗೆ ಸಿಕ್ಕ ಮರದ ಚೂರಿನ ಮೇಲೆ ಬರೆದಿಡುತ್ತಾರೆ. ಒಮ್ಮೆ ನಾನು ಕಸವೆಂದು ಗುಡಿಸಿ ಎಸೆದ ಚೂರಿನಲ್ಲಿ ಯಾರದೋ ಹೊಸ ಮನೆಯ ಹನ್ನೊಂದು ಕಿಟಕಿಗಳ ಅಳತೆ ಇತ್ತಂತೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಮಾತುಕತೆ ಇರಲಿಲ್ಲ.

ಮನೆಯ ಮುಂದಿನ ಉದ್ದನೆಯ ಕೋಣೆಯೇ ನಮ್ಮ ಕೆಲಸದ ಜಾಗ. ಒಂದು ತುದಿಯಲ್ಲಿ ಇವರ ಗರಗಸ, ಉಳಿ, ಕೆಲಸದ ಮೇಜು. ಇನ್ನೊಂದು ತುದಿಯಲ್ಲಿ ನನ್ನ ಹೊಲಿಗೆ ಯಂತ್ರ. ಕುರ್ಚಿ ಇವರದು, ಅದರ ಮೆತ್ತೆ ನನ್ನದು. ಈ ಬಾರಿ ನಡುವಿನ ಜಾಗ ಮೊಮ್ಮಗಳದಾಗಿತ್ತು.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವರ ಮನೆಯ ಚಾವಣಿ ರಿಪೇರಿಗೆಂದು ತೆಗೆಸಿದ್ದರಿಂದ, ಆರು ವಾರದ ರಜೆ ಹಾಕಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಅಳಿಯಂದಿರು ಅಲ್ಲೇ ಕೂಲಿಯವರ ಹಿಂದೆ ಓಡಾಡುತ್ತಿದ್ದರು. ಮೊಮ್ಮಗಳಿಗೆ ಹನ್ನೊಂದು ತಿಂಗಳು. ಬಾಯಲ್ಲಿರುವುದು ಮೂರೇ ಹಲ್ಲು, ಆದರೆ ಅದರಲ್ಲೇ ಸ್ಟೂಲಿನ ಕಾಲು, ಅಜ್ಜನ ಚಪ್ಪಲಿ, ನನ್ನ ನೂಲಿನ ಉಂಡೆ ಎಲ್ಲವನ್ನೂ ಕಡಿದು ರುಚಿ ನೋಡುವವಳು. ಅದಕ್ಕೇ ಇಲಿಮರಿ ಎಂದು ಕರೆಯುತ್ತಿದ್ದೆವು.

ನನಗೊಂದು ಆಸೆಯಿತ್ತು, ಮುಚ್ಚುಮರೆ ಏಕೆ. ಮಗಳು ಚಿಕ್ಕವಳಿದ್ದಾಗಿನ ಫೋಟೋ ನಮ್ಮಲ್ಲಿರುವುದು ಒಂದೇ ಒಂದು. ಸ್ಟುಡಿಯೋದಲ್ಲಿ, ತಲೆಗೆ ಎಣ್ಣೆ ಬಳಿದು, ಕೈಗೆ ಪ್ಲಾಸ್ಟಿಕ್ ಹೂ ಕೊಟ್ಟು ತೆಗೆಸಿದ್ದು. ಫೋಟೋದವನು ಕಪ್ಪು ಬಟ್ಟೆಯ ಹಿಂದೆ ಹೋದನೆಂದು ಹೆದರಿ ಬಾಯಿಬಿಟ್ಟು ಅಳುತ್ತಿದ್ದಾಳೆ. ಅವಳು ನಗುತ್ತಿದ್ದ ಮಗು, ದಿನವಿಡೀ ನಗುತ್ತಿದ್ದಳು, ಆದರೆ ಸಾಕ್ಷಿ ಎಲ್ಲಿದೆ? ಮೊಮ್ಮಗಳಿಗೆ ಹಾಗಾಗಬಾರದು. ಹೊರಡುವ ಮೊದಲು ಅವಳ ದಿನನಿತ್ಯದ ಮುಖ ನನಗೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮೊದಲ ಹೆಜ್ಜೆ ಬೇಕು. ಆಗಲೇ ಮೇಜಿನ ಕಾಲು ಹಿಡಿದು ಏಳಲು ಹವಣಿಸುತ್ತಿದ್ದಳು.

ಫೋನಿನಲ್ಲಿ ತೆಗೆಯಬಹುದಲ್ಲ ಎನ್ನುತ್ತೀರಿ. ತೆಗೆದು ನೋಡಿ! ಫೋನು ಕಂಡರೆ ಸಾಕು, ಇಲಿಮರಿ ಇದ್ದಬದ್ದ ಆಟ ಬಿಟ್ಟು ಅಂಬೆಗಾಲಿಟ್ಟು ಬಂದು ಅದಕ್ಕೆ ಜೋತುಬೀಳುತ್ತಿದ್ದಳು. ಮಗಳ ಫೋನಿನಲ್ಲಿ ನಾನೂರು ಫೋಟೋ ಇದ್ದವು, ನಾನೂರರಲ್ಲೂ ಒಂದು ಕೈ ಮತ್ತು ಒಂದು ಬಾಯಿ.

"ಜೇಬಲ್ಲಿ ಹಿಡಿಯೋ ಅಂಥ ಒಂದು ಸಣ್ಣ ಕ್ಯಾಮೆರಾ ತಗೊಳ್ಳೋಣ ರೀ," ಎಂದೆ.

"ಆಗ್ಲಿ," ಎಂದರು ಇವರು. "ಆದ್ರೆ ನೋಡಿ ತಗೋಬೇಕು."

ಆ 'ನೋಡಿ' ಎನ್ನುವ ಮಾತು ಕೇಳಿಯೇ ನನ್ನ ಎದೆ ಧಸಕ್ಕೆಂದಿತು.

ಮಗಳು ಪೇಟೆಯ ಕ್ಯಾಮೆರಾ ಅಂಗಡಿಯಿಂದ ಮೂರು ಕ್ಯಾಮೆರಾಗಳ ವಿವರದ ಹಾಳೆ ತಂದುಕೊಟ್ಟಳು. ಒಂದಕ್ಕೆ ದೂರದ್ದನ್ನು ಹತ್ತಿರ ಎಳೆದು ತೋರಿಸುವ ಭಾರಿ ಜೂಮ್. ಎರಡನೆಯದು ಸವೆದ ಸೋಪಿನಷ್ಟು ತೆಳ್ಳಗೆ. ಮೂರನೆಯದಕ್ಕೆ ಜೂಮ್ ಅಷ್ಟಕ್ಕಷ್ಟೇ, ಆದರೆ ಮಬ್ಬು ಬೆಳಕಿನಲ್ಲೂ ಫ್ಲ್ಯಾಶ್ ಇಲ್ಲದೆ ತೆಗೆಯುವ ಲೆನ್ಸು, ಹೆಬ್ಬೆರಳಿಗೆ ಸಿಗುವ ಒಂದು ದಪ್ಪ ತಿರುಗುಗುಂಡಿ. ಇವರು ಕನ್ನಡಕ ಏರಿಸಿ ಮೂರು ಹಾಳೆಗಳನ್ನೂ ಓದಿದರು. ಆಮೇಲೆ ಉದ್ದ, ಅಗಲ, ದಪ್ಪ, ತೂಕ ಇಷ್ಟನ್ನು ಒಂದು ಮರದ ಚೂರಿನ ಮೇಲೆ ಗುರುತು ಹಾಕಿಕೊಂಡು ಗರಗಸ ಎತ್ತಿಕೊಂಡರು.

ಮರುದಿನ ನನ್ನ ಅಡುಗೆಮನೆಯ ತಕ್ಕಡಿ ಕಾಣೆಯಾಗಿತ್ತು. ಹೋಗಿ ನೋಡಿದರೆ ಇವರು ಮರದ ತುಂಡೊಂದಕ್ಕೆ ತೂತು ಕೊರೆದು, ಒಳಗೆ ಮುರಿದ ಸ್ಕ್ರೂ ತುಂಬಿ, ತೂಗಿ, ಮತ್ತೆ ಒಂದು ತೆಗೆದು, ಮತ್ತೆ ತೂಗುತ್ತಿದ್ದರು.

"ಏನ್ರೀ ಇದು?"

"ಒಂದನೇ ಕ್ಯಾಮೆರಾ. ಅಳತೆ ಅದೇ, ತೂಕ ಅದೇ. ಒಂದೊಂದನ್ನೂ ಒಂದೊಂದು ವಾರ ಜೇಬಲ್ಲಿಟ್ಕೊಂಡು ಓಡಾಡ್ತೀನಿ. ದಿನಾ ಬಳಸೋ ವಸ್ತು ಕಣೇ, ಅಂಗಡೀಲಿ ಎರಡು ನಿಮಿಷ ಹಿಡ್ಕೊಂಡ್ರೆ ಏನ್ ಗೊತ್ತಾಗುತ್ತೆ?"

"ಮೂರು ವಾರ? ಅಷ್ಟರಲ್ಲಿ ಅವಳು ನಡೆಯೋದಿರ್ಲಿ, ಓಟದ ಪಂದ್ಯಕ್ಕೆ ಹೆಸರು ಕೊಟ್ಟಿರ್ತಾಳೆ!"

"ತಾಳಿದವನು ಬಾಳಿಯಾನು," ಎಂದರು ತಣ್ಣಗೆ. ಮೂವತ್ತು ವರ್ಷದಿಂದ ತಾಳುತ್ತಿರುವವಳು ಯಾರೆಂದು ನಾನು ಕೇಳಲಿಲ್ಲ.

ಒಂದನೇ ತುಂಡು ಎರಡು ದಿನ ಜೇಬಿನಲ್ಲಿತ್ತು. ಬಗ್ಗಿದಾಗಲೆಲ್ಲ ತೊಡೆಗೆ ಬಡಿಯುತ್ತದೆಂದು ಮೂರನೆಯ ದಿನ ಕಿಟಕಿಯ ಮೇಲೆ ಕೂತಿತು. "ಮಗು ಇರೋದು ಎರಡು ಮಾರು ದೂರದಲ್ಲಿ, ಜೂಮ್ ತಗೊಂಡು ನಾನೇನು ಚಂದ್ರನ್ನ ನೋಡ್ಬೇಕಾ?" ಎಂದು ತೀರ್ಪು ಕೊಟ್ಟರು. ಎರಡನೆಯದು ಬಲು ಹಗುರ, ಎಲ್ಲಿಟ್ಟರೆಂದು ಅವರಿಗೇ ತಿಳಿಯುತ್ತಿರಲಿಲ್ಲ. ನಾಲ್ಕನೆಯ ದಿನ ನಾನು ಗುಡಿಸುವಾಗ ಸಿಕ್ಕಿತು. ನನ್ನ ಹೊಲಿಗೆ ಯಂತ್ರದ ಪಕ್ಕದ ಕುಂಟು ಮೇಜಿನ ಕಾಲ ಕೆಳಗೆ ಒತ್ತಿಟ್ಟಿದ್ದರು!

"ಅಲ್ರೀ, ಕ್ಯಾಮೆರಾನ ಯಾರಾದ್ರೂ ಮೇಜಿನ ಕಾಲಿಗೆ ಆನಿಸ್ತಾರಾ?"

"ಅಳತೆ ಸರಿಹೋಯ್ತು," ಎಂದರು. ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ.

ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು. ನಾನೂ ನಗುತ್ತಿದ್ದೆ, ಆದರೆ ದಿನಗಳು ಕರಗುತ್ತಿದ್ದವಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ನಾನು ಕ್ಯಾಮೆರಾಕ್ಕೆಂದು ನೀಲಿ ಬಟ್ಟೆಯ ಚೀಲವನ್ನೂ ಹೊಲಿದಿಟ್ಟಿದ್ದೆ.

ಮೂರನೆಯ ತುಂಡು ಮಾತ್ರ ಇವರಿಗೆ ಹಿಡಿಸಿತು. ಮೂಲೆಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದರು, ಹೆಬ್ಬೆರಳಿನ ಜಾಗದಲ್ಲಿ ಒಂದು ಮರದ ಗುಂಡಿ ಕೂರಿಸಿದರು. ಆಮೇಲೆ ಶುರುವಾಯಿತು ನೋಡಿ ಹುಚ್ಚು. ಅಂಗಿಯ ಜೇಬಿನಿಂದ ಸರಕ್ಕನೆ ತೆಗೆಯುವುದು, ಕಣ್ಣಿಗೆ ಹಿಡಿಯುವುದು, ಗುಂಡಿ ಒತ್ತಿ ನಾಲಿಗೆಯಲ್ಲಿ 'ಟಿಕ್' ಎನ್ನುವುದು, ಆಮೇಲೆ ಬೆನ್ನು ತಿರುಗಿಸಿ ಅದೇನೋ ಗೊಣಗಿಕೊಳ್ಳುವುದು. ಇಲಿಮರಿ ಮೊದಲ ದಿನ ಬಂದು ಅದನ್ನು ಕಡಿದು ನೋಡಿದಳು. ಬರೀ ಮರ! ಇಂಥದ್ದನ್ನು ಎಷ್ಟೋ ಕಡಿದಿದ್ದಳು. ಮುಖ ಸಿಂಡರಿಸಿ ಹೋದವಳು ಮತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಹೊರಡಲು ಮೂರು ದಿನವಿತ್ತು. ಬೆಳಗಿನ ಹನ್ನೊಂದರ ಹೊತ್ತು. ಮಗಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು, ನಾನು ಮೆತ್ತೆಗೆ ಅಂಚು ಕೂರಿಸುತ್ತ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದೆ. ಇಲಿಮರಿ ಕುಂಟು ಮೇಜು ಹಿಡಿದು ನಿಂತಿದ್ದಳು. ನಿಂತವಳು ಏನನ್ನಿಸಿತೋ, ಕೈ ಬಿಟ್ಟಳು. ಒಂದು ಹೆಜ್ಜೆ. ಎರಡು. ಇವರು ಮೊಣಕಾಲೂರಿ ಮರದ ತುಂಡನ್ನು ಕಣ್ಣಿಗೆ ಹಿಡಿದು, ಟಿಕ್, ಟಿಕ್ ಎನ್ನುತ್ತಿದ್ದಾರೆ! ನಾನು "ಮ್ಮ್! ಮ್ಮ್!" ಎಂದೆ. ಮೂರು. ನಾಲ್ಕು. ಧೊಪ್ಪನೆ ಕೂತು ಕೇಕೆ ಹಾಕಿ ನಕ್ಕಳು.

ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದೆ. ಹನ್ನೆರಡು ಸೂಜಿ. ಅಷ್ಟು ಹೊತ್ತು ತಡೆದಿಟ್ಟ ಮಾತು ಹೇಗೆ ಹೊರಬಂದಿರಬೇಕು, ನೀವೇ ಊಹಿಸಿ.

"ಮಾಡ್ತಾ ಇರಿ ಟಿಕ್ ಟಿಕ್! ಈಗ ಆ ಮರಾನ ಎಲ್ಲಿ ಕೊಟ್ಟು ತೊಳೆಸ್ತೀರಿ? ಮೂರು ವಾರದಿಂದ ಬಡ್ಕೊಂಡೆ, ಬಡ್ಕೊಂಡೆ, ಕೇಳಿದ್ರಾ?"

ಮಗಳು ಹಿಂಡದ ಬಟ್ಟೆ ಕೈಯಲ್ಲಿ ಹಿಡಿದೇ ಓಡಿ ಬಂದಳು. "ನಡೆದ್ಲಾ? ನಡೆದ್ಲಾ ಅಮ್ಮ? ಫೋಟೋ ತೆಗೆದ್ರಾ?"

ಎಂದಿನಂತೆ ಬೆನ್ನು ತಿರುಗಿಸಿ ನಿಂತಿದ್ದ ಇವರು ಇತ್ತ ತಿರುಗಿದರು. ಮಗಳು ಅಪ್ಪನ ಕೈಯಲ್ಲಿದ್ದ ಮರವನ್ನೂ ನನ್ನ ಮುಖವನ್ನೂ ನೋಡಿ, ಮಗುವನ್ನು ಎತ್ತಿಕೊಂಡು ನಕ್ಕಳು. ನಗು ಕಣ್ಣಿಗೆ ಏರಲಿಲ್ಲ. "ಇರ್ಲಿ ಬಿಡಿ ಅಪ್ಪ. ನಾನೇ ನೋಡ್ಲಿಲ್ವಲ್ಲ ಅಂತ ಅಷ್ಟೇ."

ಇವರು ಏನನ್ನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಈಗಲಾದ್ರೂ ಹೋಗಿ ತನ್ನಿ!"

ಇವರು ಚಪ್ಪಲಿ ಮೆಟ್ಟಿ ಹೊರಟರು. ಅಂಗಡಿಯಾಕೆಯ ಮುಂದೆ ಮರದ ತುಂಡು ಇಟ್ಟು, "ಇದನ್ನ ಕೊಡಿ" ಎಂದರಂತೆ. ಅವಳು ಅದನ್ನು ಒಂದು ಕೈಯಲ್ಲಿ, ಕ್ಯಾಮೆರಾವನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ, ಇಷ್ಟು ವರ್ಷದಲ್ಲಿ ಇಂಥ ಗಿರಾಕಿಯನ್ನು ಕಂಡಿಲ್ಲವೆಂದು ಕೈಮುಗಿದಳಂತೆ.

ಕ್ಯಾಮೆರಾ ಮನೆಗೆ ಬಂತು. ಇಲಿಮರಿ ಈಗ ಇದಕ್ಕೂ ಜೋತುಬೀಳುತ್ತಾಳೆಂದು ನಾನು ಕಾದೆ. ಅವಳು ಕತ್ತೆತ್ತಿ ನೋಡಿ, ಅಜ್ಜನ ಅದೇ ಮರದ ತುಂಡೆಂದುಕೊಂಡು ತನ್ನ ಪಾಡಿಗೆ ಮರ ಕೆತ್ತಿ ಬಿದ್ದ ಸುರುಳಿ ಹೆರೆಗಳನ್ನು ತಲೆಗೆ ಸುರಿದುಕೊಳ್ಳುತ್ತಾ ಕೂತಳು. ಟಿಕ್. ಪರದೆಯಲ್ಲಿ ನನ್ನ ಮೊಮ್ಮಗಳು, ಕೈಯೂ ಅಡ್ಡವಿಲ್ಲ, ಬಾಯಿಯೂ ಅಡ್ಡವಿಲ್ಲ, ತನಗೆ ತಾನೇ ನಗುತ್ತಿರುವ ಮುಖ. ಇವರು ನನ್ನ ಕಡೆ ನೋಡಿದರು. ನಾನು ಸೂಜಿಗೆ ದಾರ ಪೋಣಿಸುತ್ತಿರುವವಳಂತೆ ಮುಖ ಮಾಡಿದೆ.

ಇನ್ನು ಮರಕ್ಕೇನು ಕೆಲಸ? ಒಳಗಿನ ಸ್ಕ್ರೂ, ಮೇಲಿನ ಗುಂಡಿ ಎಲ್ಲ ಕಿತ್ತು ಅದನ್ನು ಮಗುವಿನ ಕೈಗೇ ಕೊಟ್ಟರು. ಬೇಡವೆಂದು ಬಿಟ್ಟಿದ್ದವಳು, ಈಗ ತನ್ನದೇ ಎಂದಾದ ಮೇಲೆ ಜೊಲ್ಲು ಸುರಿಸುತ್ತ ಕಡಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಬಾಯಿಯ ಸುತ್ತ ಕರ್ರಗೆ ಮಸಿ. ಏನು ತಿಂದಳಪ್ಪ ಎಂದು ಗಾಬರಿಯಾಗಿ ತುಂಡನ್ನು ಕಿತ್ತುಕೊಂಡು ನೋಡಿದೆ. ಹಿಂಬದಿಯ ತುಂಬ ಪೆನ್ಸಿಲಿನ ಸಣ್ಣ ಅಕ್ಷರ.

'ಮಂಗಳವಾರ. ಇಲಿಮರಿ ಹೆರೆ ತಲೆಗೆ ಹಾಕಿಕೊಂಡಳು, ರಾಣಿ ಥರ.' 'ಶುಕ್ರವಾರ. ಅಜ್ಜಿ, ಮಗು ಇಬ್ಬರೂ ನಿದ್ದೆ. ಅಜ್ಜಿ ಬಾಯಿ ತೆರೆದು.' ಹೀಗೇ ಸಾಲು ಸಾಲು. ಟಿಕ್ ಎಂದಾಗಲೆಲ್ಲ ಬೆನ್ನು ತಿರುಗಿಸಿ ಬರೆದುಕೊಳ್ಳುತ್ತಿದ್ದುದು ಇದನ್ನು. ಕಟ್ಟಕಡೆಯ ಸಾಲು: 'ಇವತ್ತು ಹನ್ನೊಂದು ಗಂಟೆ ಹತ್ತು ನಿಮಿಷ. ನಾಲ್ಕು ಹೆಜ್ಜೆ. ಮೊದಲು ಬಲಗಾಲು. ಮೂರನೇದಕ್ಕೆ ಓಲಾಡಿದಳು, ಎರಡು ಕೈ ಚಾಚಿದಳು. ನಾಲ್ಕನೇದಕ್ಕೆ ಹಿತ್ತಿಲ ಬಾಗಿಲ ಕಡೆ ನೋಡಿದಳು, ಅಮ್ಮ ಇದ್ದ ಕಡೆ.'

ನಾನು ಮಗಳನ್ನು ಕೂಗಿದೆ. ಅವಳು ಓದಿದಳು. ಮತ್ತೆ ಓದಿದಳು. ಕೊನೆಯ ಮಾತಿನ ಮೇಲೆ ಬೆರಳಿಟ್ಟು, "ನನ್ನ ಕಡೆ ನೋಡಿದ್ಲಾ ಅಪ್ಪ?" ಎಂದಳು.

"ಅದನ್ನೇ ಹೇಳೋಕೆ ಹೊರಟಿದ್ದೆ," ಎಂದರು ಇವರು. "ನಿಮ್ಮಮ್ಮ ಬಿಟ್ರೆ ತಾನೆ?"

ನನಗೆ ಏನು ಹೊಳೆಯಿತೋ, ಹೋಗಿ ಕುಂಟು ಮೇಜನ್ನು ಎತ್ತಿ ಆ ಎರಡನೇ ತುಂಡನ್ನು ಎಳೆದೆ. ಅದರಲ್ಲೂ ಒಂದು ಸಾಲಿತ್ತು. 'ಮಗು ಈ ಮೇಜು ಹಿಡಿದು ಮೊದಲ ಸಲ ನಿಂತಳು. ಮೇಜು ಅಲ್ಲಾಡಿತು, ಹೆದರಿದಳು. ಇನ್ನು ಅಲ್ಲಾಡುವುದಿಲ್ಲ.'

ಅಷ್ಟರಲ್ಲಿ ಇಲಿಮರಿ ತನ್ನ ಆಸ್ತಿಗಾಗಿ ಕಿರುಚತೊಡಗಿದ್ದಳು. ಜೊಲ್ಲಿಗೆ ಮೇಲಿನ ಎರಡು ಸಾಲು ಆಗಲೇ ಅಳಿಸಿದ್ದವು. "ಕೊಡ್ರೀ ಇಲ್ಲಿ ಕ್ಯಾಮೆರಾನ!" ಎಂದು ಕಸಿದುಕೊಂಡೆ. ನಾನು ಜೀವನದಲ್ಲಿ ತೆಗೆದ ಮೊದಲ ಫೋಟೋ. ಕಿಟಕಿ ಅರ್ಧ ಮುಚ್ಚಿತ್ತು, ಬೆಳಕು ಅಷ್ಟಕ್ಕಷ್ಟೇ, ಆದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಬಂತು. ಅಂಚಿನಲ್ಲಿ ತುಂಡಿಗಾಗಿ ಚಾಚಿದ ಒಂದು ಪುಟ್ಟ ಕೈಯೂ ಬಂದಿದೆ. ಮೊದಲ ಹೆಜ್ಜೆಯ ಫೋಟೋ ಎಲ್ಲಿ ಎಂದು ಕೇಳಿದವರಿಗೆ ಮಗಳು ಈಗಲೂ ಅದನ್ನೇ ತೋರಿಸುತ್ತಾಳೆ.

ನನ್ನ ಕಣ್ಣು ತುಂಬಿ ಬಂದಿತ್ತು. ಸೆರಗಿನಿಂದ ಒರೆಸಿಕೊಂಡು ನೋಡಿದರೆ, ಇವರು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಎರಡನೇ ತುಂಡಿನ ಮೇಲೆ ಏನೋ ಬರೆಯುತ್ತಿದ್ದರು.

"ಏನ್ರೀ ಬರೀತಿದೀರಿ?"

"'ಅಜ್ಜಿ ಅತ್ತಳು' ಅಂತ."

"ಕಣ್ಣಿಗೆ ಮರದ ಪುಡಿ ಬಿತ್ತು ಅಂತ ಬರೀರಿ," ಎಂದೆ. ಅವರು ಅದನ್ನೂ ಬರೆದು, ತುಂಡನ್ನು ಮತ್ತೆ ಮೇಜಿನ ಕಾಲ ಕೆಳಗೆ ಜೋಪಾನವಾಗಿ ಸೇರಿಸಿದರು.