ನೆಗೆಣ್ಣಿಯ ಡಾಟಾಕಾರ್ಡು

ದುರ್ಗಕ್ಕನ ಮನೆಗೆ ಮಾರ್ಬಲ್ ಹಾಕಿಸಿದಾಗ ರೇಣುಕಾಗೆ ಹೊಟ್ಟೆ ಉರಿದದ್ದು ನಿಜ. ಆದರೆ ನಿದ್ದೆ ಕೆಡಲಿಲ್ಲ. ನಿದ್ದೆ ಕೆಟ್ಟದ್ದು ಡಾಟಾಕಾರ್ಡು ಬಂದಾಗ.

ಅದು ಸಂಡೂರಿನ ಮಣ್ಣಿಗೆ ಚಿನ್ನದ ಬೆಲೆ ಬಂದ ಕಾಲ. ದುರ್ಗಕ್ಕನ ಗಂಡ ಜಡೆಪ್ಪ ಅದಿರಿನ ಲಾರಿಗಳನ್ನು ಇಟ್ಟಿದ್ದ. ಅವನ ತಮ್ಮನ ಹೆಂಡತಿ, ದುರ್ಗಕ್ಕನ ನೆಗೆಣ್ಣಿ ರೇಣುಕಾ ಓದಿದವಳು. ದೂರದೇಶದ ಡಾಕ್ಟರರ ಮಾತನ್ನು ಕೇಳಿಸಿಕೊಂಡು, ಟೈಪು ಮಾಡಿ, ಇಂಟರ್ನೆಟ್ಟಿನಲ್ಲಿ ಕಳಿಸಿ ಸಂಪಾದಿಸುತ್ತಿದ್ದಳು. ಹೊಸಪೇಟೆಯ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ, “ಹೆಪ್ಪಿಗೆ, ಕರಿಬೇವಿಗೆ ಬೀದಿ ಸುತ್ತಬ್ಯಾಡ್ರಿ” ಎಂದು ಅತ್ತೆ ನಡುಗೋಡೆಯಲ್ಲೊಂದು ಕಿಂಡಿ ಬಿಡಿಸಿದ್ದಳು. ಕೇಬಲ್ ಇಂಟರ್ನೆಟ್ಟಿನ ವೈರೂ ದುರ್ಗಕ್ಕನ ಮನೆಗೆ ಬಂದು, ಆ ಕಿಂಡಿಯಿಂದಲೇ ಇತ್ತ ದಾಟುತ್ತಿತ್ತು.

ಅದಿರು ಹೇರಿಕೊಂಡ ಲಾರಿಗಳು, ಜಡೆಪ್ಪನವೂ ಸೇರಿ, ಬೀದಿಯ ಮೇಲಿನ ವೈರನ್ನು ಆಗಾಗ ಕಿತ್ತುಕೊಂಡು ಹೋಗುತ್ತಿದ್ದವು. ಇನ್ನೊಮ್ಮೆ ತಡವಾದರೆ ಕೆಲಸ ಬೇರೆಯವರಿಗೆ ಎಂದು ಕಂಪನಿಯವರು ರೇಣುಕಾಗೆ ಹೇಳಿಬಿಟ್ಟಿದ್ದರು. ಹಾಗಿರುವಾಗ ದುರ್ಗಕ್ಕ, ಕಂಪ್ಯೂಟರು ಚಾಲೂ ಮಾಡಲೂ ಬಾರದ ದುರ್ಗಕ್ಕ, ಹೆಬ್ಬೆರಳಿನಷ್ಟು ಡಾಟಾಕಾರ್ಡನ್ನು ಅಂಗೈಯಲ್ಲಿಟ್ಟು ತೋರಿಸಿದಳು.

“ಮೊಬೈಲಿನಂಗ ಇಂಟರ್ನೆಟ್ಟು ಗಾಳ್ಯಾಗ ಬರತೈತಂತ ನೋಡವಾ. ವೈರಿನ ಕಾಟನ ಇಲ್ಲ.”

“ಮಸ್ತ್ ಐತ್ರಿ ಅಕ್ಕ,” ಎಂದ ರೇಣುಕಾ, ಮನೆಗೆ ಬಂದವಳೇ ಕಿಂಡಿಗೆ ಅಡ್ಡಲಾಗಿ ಕ್ಯಾಲೆಂಡರ್ ತೂಗುಹಾಕಿದಳು. ಹೆಪ್ಪಿಗೂ ಅಂಗಡಿಯ ಮೊಸರು ತರತೊಡಗಿದಳು.

ವಿಚಿತ್ರವೆಂದರೆ, ಕೆಲವೇ ದಿನಗಳಲ್ಲಿ ಅವಳ ಇಂಟರ್ನೆಟ್ಟು ಸುಧಾರಿಸಿತು. ಆಗೀಗ ತುಸು ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ರೇಣುಕಾಳ ದನಿಗೆ ಬಲ ಬಂತು. ಬಟ್ಟೆ ಒಣಹಾಕುತ್ತ ಮಾಳಿಗೆಯಿಂದಲೇ ಕೇಳಿದಳು:

“ಏನ್ರಿ ಅಕ್ಕ, ನಿಮ್ಮ ಗಾಳಿ ಹೆಂಗ ಬೀಸತೈತ್ರಿ? ನಮ್ಮ ವೈರಂತೂ ಹಂಪಿ ಕಲ್ಲುಕಂಬ ಇದ್ದಂಗೈತಿ!”

“ಆಗ್ಲಿ ಬಿಡವಾ, ನಿನ್ನ ಕೆಲ್ಸ ನಡದ್ರ ಸಾಕು.”

ಆ ತಣ್ಣನೆಯ ಮಾತೂ ರೇಣುಕಾಗೆ ದುಡ್ಡಿನ ಬಿಂಕವಾಗಿ ಕೇಳಿಸಿತು.

ಒಂದು ಸಂಜೆ ದೊಡ್ಡ ಕೆಲಸ ಕಳಿಸಿ, ತಲುಪಿತೆಂದು ಉತ್ತರವೂ ಬಂದ ಮೇಲೆ, ಕೊತ್ತಂಬರಿ ತರಲು ಹೊರಗೆ ಹೋದಳು. ಕೇಬಲ್ ವೈರು ತುಂಡಾಗಿ ಬೀದಿಯಲ್ಲಿ ಬಿದ್ದಿತ್ತು. ಗಾಲಿಗಳ ಕೆಳಗೆ ಚಪ್ಪಟೆಯಾಗಿ, ಕೆಂಧೂಳಿನಲ್ಲಿ ಅರ್ಧ ಹೂತುಹೋಗಿತ್ತು.

“ಮುಂಜಾನೇನ ಹರದೈತ್ರಿ,” ಎಂದಳು ತರಕಾರಿ ಮಾರುವ ಯಲ್ಲಕ್ಕ.

ಹಾಗಾದರೆ ತಾನು ಕಳಿಸಿದ್ದು ಯಾವ ದಾರಿಯಲ್ಲಿ ಹೋಯಿತು?

ಕೊತ್ತಂಬರಿ ಮರೆತು ರೇಣುಕಾ ನೇರ ದುರ್ಗಕ್ಕನ ನಡುಮನೆಗೆ ನುಗ್ಗಿದಳು. ಕಿಂಡಿಯ ಪಕ್ಕ ಒಂದು ಪೆಟ್ಟಿಗೆ ಮಿಣುಕುತ್ತಿತ್ತು. ಅದಕ್ಕೆ ಒಂದು ಕಡೆಯಿಂದ ಕೇಬಲ್, ಇನ್ನೊಂದು ಕಡೆ ಡಾಟಾಕಾರ್ಡು. ಅಲ್ಲಿಂದ ಹೊರಟ ವೈರು ಕಿಂಡಿಯಲ್ಲಿ ಹಾಯ್ದು, ಕ್ಯಾಲೆಂಡರಿನ ಹಿಂದಿನಿಂದ, ತನ್ನ ಮನೆಗೆ. ದುರ್ಗಕ್ಕನ ಮನೆಯ ಕಂಪ್ಯೂಟರು ಮಾತ್ರ ಹೂವಿನ ಹೊದಿಕೆ ಹೊದ್ದು ಸುಮ್ಮನಿತ್ತು.

“ಕೇಬಲ್ಲಿನ ಪಂಪೇಶಗ ಹೇಳಿ ಎರಡೂ ಕೂಡಸೀನಿ,” ಎಂದಳು ದುರ್ಗಕ್ಕ. “ಅದು ಹೋದ್ರ ಇದು ತಾನ ಬರತೈತಿ. ನಿನ್ನ ವೈರು ಹರಿಯೋವು ನಮ್ಮ ಲಾರೀನ ಅಲ್ಲೇನು?”

“ಮತ್ತ ನಿಮ್ಮ ಕಂಪ್ಯೂಟರ್ ಯಾಕ್ರಿ ಮುಚ್ಚೀರಿ?”

“ಎರಡೂ ಕಡೆ ಹಚ್ಚಿದ್ರ ಎಳೀತೈತಂತ. ನಿಂದು ಮುಗಿಯೋತನ ಮುಟ್ಟಬ್ಯಾಡ್ರಿ ಅಂತ ನಿಮ್ಮ ಭಾವಗ ಹೇಳೀನಿ. ಲಾರಿ ಲೆಕ್ಕ ಎಲ್ಲಿಗೆ ಓಡಿ ಹೋಗತೈತಿ!”

“ನಂಗೊಂದು ಮಾತು ಹೇಳಬಾರದಿತ್ತೇನ್ರಿ?”

“ಹೇಳಿದ್ರ ಇಟ್ಕೊಂತಿದ್ದೇನು? ಕಿತ್ತು ಒಗೀತಿದ್ದಿ!”

ಕಿತ್ತು ಒಗೆಯುತ್ತಿದ್ದದ್ದು ನಿಜ. ಅದೂ ದುರ್ಗಕ್ಕನಿಗೆ ಗೊತ್ತಿತ್ತಲ್ಲ ಎಂದು ರೇಣುಕಾಗೆ ಮತ್ತೆ ಹೊಟ್ಟೆ ಉರಿಯಿತು. ಮಾರ್ಬಲ್ಲನ್ನಾದರೂ ಮುಂದೊಂದು ದಿನ ಹಾಕಿಸಬಹುದು. ಇಂಥ ಮನಸ್ಸನ್ನು ಎಲ್ಲಿಂದ ತರುವುದು?

ಮನೆಗೆ ಬಂದು ಕ್ಯಾಲೆಂಡರ್ ತೆಗೆದಳು. ಬಟ್ಟಲು ಹಿಡಿದ ಕೈಯನ್ನು ಕಿಂಡಿಯಲ್ಲಿ ಚಾಚಿದಳು.

“ಅಕ್ಕಾ, ಹೆಪ್ಪಿಗೆ ಒಂಚೂರು ಮಜ್ಜಿಗಿ ಕೊಡ್ರಿ.”

ಬಟ್ಟಲು ತುಂಬಿ ಬಂತು. ಹಿಂದೆಯೇ ದುರ್ಗಕ್ಕನ ಮುಖವೂ ಕಿಂಡಿಗೆ ಬಂತು.

“ರೇಣುಕಾ, ಆ ಕಂಪ್ಯೂಟರು ಚಾಲೂ ಮಾಡೋದಾರ ಕಲಿಸ ನಂಗ. ನೀ ಟಕಟಕ ಬಡಿಯೋದು ಕೇಳಿ ಕೇಳಿ ನಂಗ ಹೊಟ್ಟಿಕಿಚ್ಚು ಬಂದೈತಿ.”